ಅವಕೆಂಪು ಬೆಳಕಿಗೆ ವೇಗದ ಷಟರ್: ದ್ರವಸ್ಫಟಿಕ ವಸ್ತುಗಳ ಅಭಿವೃದ್ಧಿ ಕುರಿತು ಒಂದು ಪ್ರಚಲಿತ ವಿಶ್ಲೇಷಣೆ

1. ಪೀಠಿಕೆ

ಕೈಗಡಿಯಾರ, ಲೆಕ್ಕಯಂತ್ರ, ದೂರದರ್ಶನದ ಪರದೆ ಹಾಗೂ ಗಣಕಯಂತ್ರಗಳ ಮೂಲಕ ದ್ರವಸ್ಫಟಿಕ ವಸ್ತುಗಳು ಬಹುತೇಕ ಪ್ರತಿಯೊಂದು ಮನೆಯನ್ನೂ ತಲುಪಿವೆ. ಇದೇ ವರ್ಗದ ವಸ್ತುಗಳನ್ನು ಬಳಸಿ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು, ಅಂದರೆ ವಾಡಿಕೆಯಲ್ಲಿ ಇನ್‌ಫ್ರಾರೆಡ್ ಎಂದು ಕರೆಯಲಾಗುವ ಕಿರಣಗಳನ್ನು, ಬೇಕಾದಾಗ ಬಿಡುವ ಮತ್ತು ಬೇಡವಾದಾಗ ತಡೆಯುವ ವೇಗದ ಷಟರ್‌ಗಳನ್ನು ತಯಾರಿಸುವ ಸಂಶೋಧನೆ ಹಲವು ದಶಕಗಳಿಂದ ನಡೆದುಬಂದಿದೆ. ಉಷ್ಣಚಿತ್ರ ಕ್ಯಾಮೆರಾ, ಲೇಸರ್ ಸಂವಹನ, ವಾಹನಗಳಿಗೆ ದೂರವನ್ನು ಅಳೆದು ತಿಳಿಸುವ ಲೇಸರ್ ಉಪಕರಣ ಮತ್ತು ಸಂವೇದಕಗಳ ರಕ್ಷಣೆ ಇವೇ ಮೊದಲಾದ ಕ್ಷೇತ್ರಗಳಲ್ಲಿ ಇಂತಹ ಷಟರ್‌ಗಳಿಗೆ ಬೇಡಿಕೆ ಇದೆ.

ದೂರದರ್ಶನದ ಪರದೆಗೆ ಒದಗುವ ದ್ರವಸ್ಫಟಿಕವೇ ಅವಕೆಂಪು ಷಟರ್‌ಗೂ ಒದಗಬಹುದೆಂಬ ಭಾವನೆ ಸಹಜವಾದುದು. ಆದರೆ ವಸ್ತುಸ್ಥಿತಿ ಹಾಗಿರುವುದಿಲ್ಲ. ಪರದೆಯ ವಸ್ತು ಎಷ್ಟೇ ಹೇರಳವಾಗಿ ದೊರೆತರೂ ಅವಕೆಂಪು ಷಟರ್‌ಗೆ ಬೇಕಾದ ವಸ್ತುವನ್ನು ಪ್ರತ್ಯೇಕವಾಗಿಯೇ ಅಭಿವೃದ್ಧಿಪಡಿಸಬೇಕಾಗುತ್ತದೆ. ಇದಕ್ಕೆ ಕಾರಣವೇನು, ಈ ದಿಸೆಯಲ್ಲಿ ಬೆಂಗಳೂರಿನ ಸಂಸ್ಥೆಗಳ ಪಾತ್ರವೇನು, ಹಾಗೂ ಇಂತಹ ಯೋಜನೆಗಳಿಗೆ ನೆರವು ಅಥವಾ ಪೇಟೆಂಟ್ ಕೋರಿ ಅರ್ಜಿ ಸಲ್ಲಿಸುವ ವಿದ್ಯಾರ್ಥಿಗಳು, ಸಂಶೋಧಕರು ಮತ್ತು ಸಣ್ಣ ಉದ್ದಿಮೆದಾರರು ಯಾವ ಅಂಶಗಳನ್ನು ಅರಿತಿರಬೇಕು ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗೆ ವಿವರಿಸಲಾಗಿದೆ.

2. ದ್ರವಸ್ಫಟಿಕ: ಸಂಕ್ಷಿಪ್ತ ಹಿನ್ನೆಲೆ

1888ರಲ್ಲಿ ಪ್ರಾಗ್ ನಗರದಲ್ಲಿದ್ದ ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೀಡ್ರಿಖ್ ರೈನಿಟ್ಸರ್ ಅವರು, ಕೊಲೆಸ್ಟೆರಿಲ್ ಬೆಂಜೊಯೇಟ್ ಎಂಬ ವಸ್ತುವು ಎರಡು ಹಂತಗಳಲ್ಲಿ ಕರಗುವುದನ್ನು ಗಮನಿಸಿದರು. ಸುಮಾರು 145 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಮಬ್ಬಾದ ದ್ರವವಾಗಿ, ಸುಮಾರು 178 ಡಿಗ್ರಿಯಲ್ಲಿ ತಿಳಿಯಾದ ದ್ರವವಾಗಿ ಪರಿವರ್ತನೆ ಹೊಂದಿತು. ಈ ಎರಡು ಉಷ್ಣತೆಗಳ ನಡುವಣ ಸ್ಥಿತಿಯೇ ದ್ರವಸ್ಫಟಿಕ ಸ್ಥಿತಿ. ಅದು ನೀರಿನಂತೆ ಹರಿಯುತ್ತದೆ. ಆದರೂ ಅದರ ಉದ್ದನೆಯ ಅಣುಗಳು, ಕಟ್ಟಿದ ಹುಲ್ಲಿನ ಹೊರೆಯಂತೆ, ಬಹುತೇಕ ಒಂದೇ ದಿಕ್ಕಿಗೆ ಮುಖಮಾಡಿ ನಿಲ್ಲುತ್ತವೆ. ವಿದ್ಯುತ್ ವೋಲ್ಟೇಜ್ ನೀಡಿದಾಗ ಅಣುಗಳ ದಿಕ್ಕು ಬದಲಾಗುತ್ತದೆ. ವೋಲ್ಟೇಜ್ ತೆಗೆದಾಗ ಅವು ಮೊದಲಿನ ದಿಕ್ಕಿಗೆ ಮರಳುತ್ತವೆ. ದ್ರವಸ್ಫಟಿಕ ಪರದೆಗಳ ಕಾರ್ಯತತ್ತ್ವ ಇದೇ ಆಗಿದೆ.

1971ರಲ್ಲಿ ಶಾಟ್ ಮತ್ತು ಹೆಲ್‌ಫ್ರಿಶ್ ಅವರು ತಿರುಚಿದ ವಿನ್ಯಾಸದ ದ್ರವಸ್ಫಟಿಕ ಕೋಶವನ್ನು ಪ್ರಕಟಿಸಿದರು. 1973ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾನಿಲಯದ ಜಾರ್ಜ್ ಗ್ರೇ ಅವರ ತಂಡವು ಸಾಮಾನ್ಯ ಕೊಠಡಿ ಉಷ್ಣತೆಯಲ್ಲಿ ಕೆಲಸ ಮಾಡಬಲ್ಲ, ಬೇಗನೆ ಹಾಳಾಗದ ಸಯಾನೊಬೈಫಿನೈಲ್ ವಸ್ತುಗಳನ್ನು ಪ್ರಕಟಿಸಿತು. ವಿನ್ಯಾಸವು ಮೊದಲೇ ಸಿದ್ಧವಾಗಿದ್ದರೂ ಉದ್ಯಮವು ಬೆಳೆದುದು ಯೋಗ್ಯವಾದ ವಸ್ತು ದೊರೆತ ನಂತರವೇ ಎಂಬುದು ಇಲ್ಲಿ ಗಮನಾರ್ಹವಾದ ಅಂಶ.

3. ಕರ್ನಾಟಕದ ಕೊಡುಗೆ

ಈ ಕ್ಷೇತ್ರದಲ್ಲಿ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. ಪ್ರೊ. ಎಸ್. ಚಂದ್ರಶೇಖರ್ ಅವರು 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾಗಿ, ನಂತರ 1971ರಿಂದ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ದ್ರವಸ್ಫಟಿಕಗಳ ಅಧ್ಯಯನವನ್ನು ಕಟ್ಟಿ ಬೆಳೆಸಿದರು. 1977ರಲ್ಲಿ ಅವರು ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರೊಂದಿಗೆ, ಕಡ್ಡಿಯಾಕಾರದ ಅಣುಗಳಷ್ಟೇ ಅಲ್ಲದೆ ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವು ಎಂಬುದನ್ನು ಬೆಂಗಳೂರಿನಿಂದಲೇ ಪ್ರಕಟವಾಗುವ ‘ಪ್ರಮಾಣ’ ನಿಯತಕಾಲಿಕದಲ್ಲಿ ಪ್ರಪ್ರಥಮವಾಗಿ ವರದಿ ಮಾಡಿದರು. ಮುಂದೆ ಈ ವರ್ಗದ ವಸ್ತುಗಳಿಂದ ತಯಾರಾದ ತೆಳುಪದರಗಳು, ಪರದೆಯನ್ನು ಓರೆಯಿಂದ ನೋಡಿದಾಗಲೂ ಚಿತ್ರ ಸ್ಪಷ್ಟವಾಗಿ ಕಾಣುವಂತೆ ಮಾಡಲು ವಿದೇಶಗಳಲ್ಲಿ ಬಳಕೆಗೆ ಬಂದವು.

1991ರಲ್ಲಿ ಪ್ರೊ. ಚಂದ್ರಶೇಖರ್ ಅವರು ಸ್ಥಾಪಿಸಿದ ದ್ರವಸ್ಫಟಿಕ ಸಂಶೋಧನಾ ಕೇಂದ್ರವು ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದು, ಪ್ರಸ್ತುತ ನ್ಯಾನೊ ಮತ್ತು ಮೃದುವಸ್ತು ವಿಜ್ಞಾನಗಳ ಕೇಂದ್ರ ಎಂಬ ಹೆಸರಿನಲ್ಲಿ ಭಾರತ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಅಧೀನದ ಸ್ವಾಯತ್ತ ಸಂಸ್ಥೆಯಾಗಿ ಕಾರ್ಯನಿರ್ವಹಿಸುತ್ತಿದೆ. ಅಂದರೆ, ಮೂಲ ವಿಜ್ಞಾನದ ಜ್ಞಾನವಾಗಲಿ ತರಬೇತಿ ಪಡೆದ ಮಾನವ ಸಂಪನ್ಮೂಲವಾಗಲಿ ರಾಜ್ಯಕ್ಕೆ ಹೊಸದಲ್ಲ. ಕೊರತೆ ಇರುವುದು ಜ್ಞಾನದಿಂದ ವಸ್ತುವಿಗೆ, ವಸ್ತುವಿನಿಂದ ಉತ್ಪನ್ನಕ್ಕೆ ಸಾಗುವ ನಡುವಣ ಹಂತದಲ್ಲಿ.

4. ಷಟರ್ ಕಾರ್ಯನಿರ್ವಹಿಸುವ ಬಗೆ

ಸಾಮಾನ್ಯ ಕ್ಯಾಮೆರಾದ ಷಟರ್ ಲೋಹದ ರೆಕ್ಕೆಯಿಂದಾದ ಬಾಗಿಲಿನಂತಿರುತ್ತದೆ. ಶೈತ್ಯೀಕರಣವಿಲ್ಲದ ಹಲವು ಉಷ್ಣಚಿತ್ರ ಕ್ಯಾಮೆರಾಗಳಲ್ಲಿ ಇಂತಹ ರೆಕ್ಕೆಯು ಆಗಾಗ್ಗೆ ಸಂವೇದಕದ ಮುಂದೆ ಬಂದು ನಿಲ್ಲುತ್ತದೆ. ಆಗ ‘ಟಕ್’ ಎಂಬ ಸದ್ದಾಗಿ ಚಿತ್ರವು ಕ್ಷಣಕಾಲ ಸ್ತಬ್ಧವಾಗುವುದನ್ನು ಬಳಕೆದಾರರು ಬಲ್ಲರು. ಸಂವೇದಕದ ಸಾವಿರಾರು ಬಿಂದುಗಳನ್ನು ಒಂದೇ ಮಟ್ಟಕ್ಕೆ ಸರಿಪಡಿಸಿಕೊಳ್ಳಲು ಈ ಕ್ರಮ ಅಗತ್ಯ. ಚಲಿಸುವ ಭಾಗಗಳಿರುವುದರಿಂದ ಸವೆತ, ಸದ್ದು ಮತ್ತು ವಿದ್ಯುತ್ ವೆಚ್ಚ ಅನಿವಾರ್ಯ.

ದ್ರವಸ್ಫಟಿಕ ಷಟರ್‌ನಲ್ಲಿ ಚಲಿಸುವ ಭಾಗವೇ ಇಲ್ಲ. ಎರಡು ಪಾರದರ್ಶಕ ಫಲಕಗಳ ನಡುವೆ ಕೆಲವು ಮೈಕ್ರಾನ್ ದಪ್ಪದ ದ್ರವಸ್ಫಟಿಕ ಪದರವಿದ್ದು, ಅದರ ಹಿಂದೆ ಮುಂದೆ ಬೆಳಕನ್ನು ಒಂದೇ ದಿಕ್ಕಿನ ಕಂಪನಕ್ಕೆ ಸೀಮಿತಗೊಳಿಸುವ ಪೋಲರೈಸರ್‌ಗಳಿರುತ್ತವೆ. ಅಣುಗಳು ಒಂದು ದಿಕ್ಕಿನಲ್ಲಿದ್ದಾಗ ಬೆಳಕಿನ ಕಂಪನ 90 ಡಿಗ್ರಿ ತಿರುಗಿ ಹೊರಬರುತ್ತದೆ. ಇನ್ನೊಂದು ದಿಕ್ಕಿನಲ್ಲಿದ್ದಾಗ ತಿರುಗದೆ ತಡೆಯಲ್ಪಡುತ್ತದೆ.

ಈ ತಿರುವು ಸಾಧ್ಯವಾಗುವುದು ದ್ವಿವಕ್ರೀಭವನ ಎಂಬ ಗುಣದಿಂದ. ಅಣುವಿನ ಉದ್ದಕ್ಕೂ ಅಡ್ಡಕ್ಕೂ ಬೆಳಕಿನ ವೇಗ ಬೇರೆ ಬೇರೆಯಾಗಿರುವುದೇ ದ್ವಿವಕ್ರೀಭವನ. ಕಂಪನವನ್ನು ಪೂರ್ಣವಾಗಿ ತಿರುಗಿಸಲು ಪದರದ ದಪ್ಪ ಮತ್ತು ದ್ವಿವಕ್ರೀಭವನ ಇವೆರಡರ ಗುಣಲಬ್ಧವು ಬೆಳಕಿನ ತರಂಗಾಂತರದ ಅರ್ಧಕ್ಕೆ ಸಮನಾಗಿರಬೇಕು. ಅಲ್ಪ ದ್ವಿವಕ್ರೀಭವನದ ವಸ್ತುವಾದರೆ ಪದರ ದಪ್ಪವಾಗಬೇಕು. ಅಧಿಕ ದ್ವಿವಕ್ರೀಭವನದ ವಸ್ತುವಾದರೆ ತೆಳುವಾದ ಪದರ ಸಾಕು.

5. ಅವಕೆಂಪಿನಲ್ಲಿ ವೇಗ ಕುಂಠಿತವಾಗಲು ಕಾರಣ

ವೋಲ್ಟೇಜ್ ನೀಡಿದಾಗ ಅಣುಗಳು ತಿರುಗುವ ವೇಗವನ್ನು ವೋಲ್ಟೇಜ್ ಏರಿಸಿ ಹೆಚ್ಚಿಸಬಹುದು. ಆದರೆ ವೋಲ್ಟೇಜ್ ತೆಗೆದ ಮೇಲೆ ಮರಳುವ ಕ್ರಿಯೆಯು ಸಂಪೂರ್ಣವಾಗಿ ವಸ್ತುವಿನ ಸ್ವಂತ ಬಲವನ್ನೇ ಅವಲಂಬಿಸಿರುತ್ತದೆ. ಸ್ಪ್ರಿಂಗ್ ಇರುವ ಬಾಗಿಲನ್ನು ಎಷ್ಟು ಜೋರಾಗಿ ಬೇಕಾದರೂ ತಳ್ಳಿ ತೆರೆಯಬಹುದು. ಮುಚ್ಚಿಕೊಳ್ಳುವಾಗ ಅದು ಸ್ಪ್ರಿಂಗಿನ ವೇಗದಲ್ಲಿಯೇ ಮುಚ್ಚಿಕೊಳ್ಳಬೇಕು. ದ್ರವಸ್ಫಟಿಕದಲ್ಲಿ ಸ್ಪ್ರಿಂಗಿನ ಸ್ಥಾನದಲ್ಲಿ ಸ್ಥಿತಿಸ್ಥಾಪಕತ್ವವಿದ್ದು, ಅದನ್ನು ಎಳೆದು ನಿಧಾನಗೊಳಿಸುವುದು ಸ್ನಿಗ್ಧತೆ. ಈ ಮರಳುವ ಕಾಲವು ಪದರದ ದಪ್ಪದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ದಪ್ಪ ಎರಡರಷ್ಟಾದರೆ ಕಾಲ ನಾಲ್ಕರಷ್ಟು. ದಪ್ಪ ಹತ್ತರಷ್ಟಾದರೆ ಕಾಲ ನೂರರಷ್ಟು.

ಇದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ವಸ್ತುವಿನ ದ್ವಿವಕ್ರೀಭವನ 0.2 ಎಂದೂ, ಒಂದು ಮೈಕ್ರಾನ್ ದಪ್ಪದ ಪದರವು ಒಂದು ಮಿಲಿಸೆಕೆಂಡಿನಲ್ಲಿ ಮರಳುತ್ತದೆ ಎಂದೂ ಉದಾಹರಣೆಗಾಗಿ ಇಟ್ಟುಕೊಂಡಲ್ಲಿ ಫಲಿತಾಂಶ ಈ ಕೆಳಗಿನಂತಿರುತ್ತದೆ:

ಅ) ಹಸಿರು ಬೆಳಕು, ತರಂಗಾಂತರ 0.55 ಮೈಕ್ರಾನ್: ಪದರದ ದಪ್ಪ ಸುಮಾರು 1.4 ಮೈಕ್ರಾನ್, ಮರಳುವ ಕಾಲ ಸುಮಾರು 2 ಮಿಲಿಸೆಕೆಂಡ್.
ಆ) ದೂರಸಂಪರ್ಕದ ಲೇಸರ್, 1.55 ಮೈಕ್ರಾನ್: ದಪ್ಪ ಸುಮಾರು 3.9 ಮೈಕ್ರಾನ್, ಕಾಲ ಸುಮಾರು 15 ಮಿಲಿಸೆಕೆಂಡ್.
ಇ) ಮಧ್ಯಮ ಅವಕೆಂಪು, 4 ಮೈಕ್ರಾನ್: ದಪ್ಪ 10 ಮೈಕ್ರಾನ್, ಕಾಲ 100 ಮಿಲಿಸೆಕೆಂಡ್.
ಈ) ಕಾರ್ಬನ್ ಡೈಆಕ್ಸೈಡ್ ಲೇಸರ್, 10.6 ಮೈಕ್ರಾನ್: ದಪ್ಪ 26.5 ಮೈಕ್ರಾನ್, ಕಾಲ ಸುಮಾರು 700 ಮಿಲಿಸೆಕೆಂಡ್.

ಪ್ರತಿ ಸೆಕೆಂಡಿಗೆ 30 ಚಿತ್ರಗಳನ್ನು ತೆಗೆಯುವ ಕ್ಯಾಮೆರಾದಲ್ಲಿ ಒಂದು ಚಿತ್ರಕ್ಕೆ ದೊರೆಯುವ ಅವಧಿ ಸುಮಾರು 33 ಮಿಲಿಸೆಕೆಂಡ್ ಮಾತ್ರ. ಕೊನೆಯ ಪ್ರಕರಣದಲ್ಲಿ ಷಟರ್ ಒಮ್ಮೆ ಮರಳುವಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳು ಕಳೆದುಹೋಗುತ್ತವೆ. ಅಂತಹ ಉಪಕರಣವನ್ನು ವೇಗದ ಷಟರ್ ಎಂದು ಪರಿಗಣಿಸಲಾಗದು.

ಇದೇ ಲೆಕ್ಕದಲ್ಲಿ, ಇತರ ಗುಣಗಳು ಬದಲಾಗದೆ ದ್ವಿವಕ್ರೀಭವನ ಮಾತ್ರ 0.4ಕ್ಕೆ ಏರಿದಲ್ಲಿ, 4 ಮೈಕ್ರಾನ್ ತರಂಗಾಂತರಕ್ಕೆ ದಪ್ಪ 5 ಮೈಕ್ರಾನ್‌ಗೂ ಕಾಲ 25 ಮಿಲಿಸೆಕೆಂಡಿಗೂ ಇಳಿಯುತ್ತದೆ, 10.6 ಮೈಕ್ರಾನ್‌ಗೆ ಕಾಲ ಸುಮಾರು 175 ಮಿಲಿಸೆಕೆಂಡಿಗೆ ಇಳಿಯುತ್ತದೆ. ದ್ವಿವಕ್ರೀಭವನದಲ್ಲಿ ಆಗುವ ಎರಡರಷ್ಟು ಏರಿಕೆಯು ಕಾಲವು ನಾಲ್ಕನೇ ಒಂದರಷ್ಟಕ್ಕೆ ಇಳಿಯುವಂತೆ ಮಾಡುವುದರಿಂದ, ವಿಶ್ವದಾದ್ಯಂತ ಸಂಶೋಧಕರು ಈ ಒಂದು ಗುಣದ ಮೇಲೆ ಹೆಚ್ಚು ಗಮನ ಕೇಂದ್ರೀಕರಿಸಿದ್ದಾರೆ. ಅಮೆರಿಕೆಯ ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾನಿಲಯ ಮತ್ತು ಪೋಲೆಂಡಿನ ವಾರ್ಸಾದಲ್ಲಿರುವ ಸೇನಾ ತಾಂತ್ರಿಕ ವಿಶ್ವವಿದ್ಯಾನಿಲಯ ಈ ಕಾರ್ಯಕ್ಕೆ ಹೆಸರಾದ ಸಂಸ್ಥೆಗಳು. 0.4ಕ್ಕೂ ಅಧಿಕ ದ್ವಿವಕ್ರೀಭವನದ ವಸ್ತುಗಳು ಈಗಾಗಲೇ ವರದಿಯಾಗಿವೆ.

6. ವಸ್ತುವಿನ ಮುಂದಿರುವ ಪರಸ್ಪರ ವಿರುದ್ಧ ಬೇಡಿಕೆಗಳು

ಮೇಲಿನ ಲೆಕ್ಕದಲ್ಲಿ ‘ಇತರ ಗುಣಗಳು ಬದಲಾಗದೆ’ ಎಂಬ ಷರತ್ತು ಅತ್ಯಂತ ಮುಖ್ಯವಾದುದು. ವಾಸ್ತವದಲ್ಲಿ ಇತರ ಗುಣಗಳೂ ಬದಲಾಗುತ್ತವೆ.

ಮೊದಲನೆಯದಾಗಿ, ದ್ವಿವಕ್ರೀಭವನವನ್ನು ಹೆಚ್ಚಿಸಲು ಅಣುವಿಗೆ ಬೆಂಜೀನ್ ಉಂಗುರಗಳನ್ನೂ ತ್ರಿಬಂಧಗಳನ್ನೂ ಸೇರಿಸಿ ಉದ್ದಗೊಳಿಸಬೇಕಾಗುತ್ತದೆ. ಉದ್ದವಾದ ಅಣು ತಿರುಗಲು ಹೆಚ್ಚು ಅಡ್ಡಿ ಎದುರಿಸುವುದರಿಂದ ಸ್ನಿಗ್ಧತೆ ಏರುತ್ತದೆ. ಕರಗುವ ಉಷ್ಣತೆಯೂ ಏರಿ, ಕೊಠಡಿ ಉಷ್ಣತೆಯಲ್ಲಿ ವಸ್ತುವು ಗಟ್ಟಿಯಾಗಿ ಉಳಿಯಬಹುದು. ಇಂತಹ ಕೆಲವು ಅಣುಗಳು ನೇರಳಾತೀತ ಕಿರಣಗಳಿಗೆ ಬೇಗನೆ ಹಾಳಾಗುತ್ತವೆ. ಆದ್ದರಿಂದ ಒಂದೇ ವಸ್ತುವಿನ ಬದಲು ಹಲವು ವಸ್ತುಗಳ ಮಿಶ್ರಣವನ್ನು ರೂಪಿಸುವುದು ವಾಡಿಕೆ.

ಎರಡನೆಯದಾಗಿ, ವಸ್ತುವು ಅವಕೆಂಪು ಬೆಳಕನ್ನು ತಾನೇ ಹೀರಿಕೊಳ್ಳಬಾರದು. ಆದರೆ ಸಾವಯವ ಅಣುಗಳಲ್ಲಿನ ಬಹುತೇಕ ಪ್ರತಿಯೊಂದು ರಾಸಾಯನಿಕ ಬಂಧವೂ ಅವಕೆಂಪಿನ ಯಾವುದಾದರೊಂದು ಭಾಗವನ್ನು ಹೀರುತ್ತದೆ. ಕಾರ್ಬನ್-ಹೈಡ್ರೋಜನ್ ಬಂಧ ಸುಮಾರು 3.4 ಮೈಕ್ರಾನ್ ಸುತ್ತಮುತ್ತ, ಸಯಾನೊ ಗುಂಪು ಸುಮಾರು 4.5 ಮೈಕ್ರಾನ್‌ನಲ್ಲಿ, ಐಸೊಥಯೊಸಯನೇಟ್ ಗುಂಪು ಸುಮಾರು 4.8 ಮೈಕ್ರಾನ್ ಸುತ್ತಮುತ್ತ ಬೆಳಕನ್ನು ಹೀರುತ್ತವೆ. ಉಷ್ಣಚಿತ್ರಣಕ್ಕೆ ಬಳಸುವ 3ರಿಂದ 5 ಮೈಕ್ರಾನ್‌ಗಳ ಕಿಟಕಿಯಲ್ಲಿಯೇ ಇವೆಲ್ಲವೂ ಬರುತ್ತವೆ. ದೂರದರ್ಶನದ ವಸ್ತುಗಳಲ್ಲಿ ಪ್ರಯೋಜನಕರವಾದ ಫ್ಲೋರಿನ್ ಬಂಧವು 8ರಿಂದ 9 ಮೈಕ್ರಾನ್ ಆಸುಪಾಸಿನಲ್ಲಿ ಹೀರುವುದರಿಂದ ದೀರ್ಘ ಅವಕೆಂಪಿಗೆ ತೊಡಕಾಗುತ್ತದೆ. ಹೈಡ್ರೋಜನ್ ಬದಲು ಡ್ಯೂಟೀರಿಯಂ ಅಥವಾ ಕ್ಲೋರಿನ್ ಸೇರಿಸಿ ಹೀರಿಕೆಯನ್ನು ಬೇರೆಡೆಗೆ ಸರಿಸುವ ಪ್ರಯತ್ನಗಳು ನಡೆದಿವೆ; ಅವುಗಳಿಂದ ಕ್ರಮವಾಗಿ ವೆಚ್ಚ ಮತ್ತು ಸ್ನಿಗ್ಧತೆ ಹೆಚ್ಚುವ ತೊಂದರೆ ಇದೆ.

ಮೂರನೆಯದಾಗಿ, ಫಲಕ ಮತ್ತು ವಿದ್ಯುದ್ವಾರಗಳೂ ಅವಕೆಂಪಿಗೆ ಪಾರದರ್ಶಕವಾಗಿರಬೇಕು. ಸಾಮಾನ್ಯ ಗಾಜು ದೀರ್ಘ ಅವಕೆಂಪನ್ನು ಬಿಡುವುದಿಲ್ಲ. ಪರದೆಗಳಲ್ಲಿ ಬಳಸುವ ಇಂಡಿಯಂ ಟಿನ್ ಆಕ್ಸೈಡ್ ಲೇಪವು ಗೋಚರ ಬೆಳಕಿಗೆ ಪಾರದರ್ಶಕವಾದರೂ ದೀರ್ಘ ತರಂಗಾಂತರಗಳನ್ನು ಪ್ರತಿಫಲಿಸುತ್ತದೆ. ಆದ್ದರಿಂದ ಜರ್ಮೇನಿಯಮ್, ಸಿಲಿಕಾನ್ ಅಥವಾ ಜಿಂಕ್ ಸೆಲೆನೈಡ್ ಫಲಕಗಳನ್ನು ಬಳಸಬೇಕಾಗುತ್ತದೆ. ಲೋಹದ ಸೂಕ್ಷ್ಮ ಜಾಲರಿಯನ್ನು ವಿದ್ಯುದ್ವಾರವಾಗಿ ಬಳಸುವುದು ಇನ್ನೊಂದು ಮಾರ್ಗ. ಇಂತಹ ಜಾಲರಿಗಳ ಕುರಿತು ಬೆಂಗಳೂರಿನಲ್ಲಿ ಗಣನೀಯ ಸಂಶೋಧನೆ ನಡೆದಿದೆ.

7. ಪರ್ಯಾಯ ಮಾರ್ಗಗಳು

ವಸ್ತುವನ್ನು ಬದಲಿಸುವುದರ ಜೊತೆಗೆ ಇತರ ಮಾರ್ಗಗಳನ್ನೂ ಸಂಶೋಧಕರು ಅನುಸರಿಸುತ್ತಿದ್ದಾರೆ.

ದ್ರವಸ್ಫಟಿಕದೊಳಗೆ ಪಾಲಿಮರ್ ಜಾಲವನ್ನು ಹೆಣೆದಲ್ಲಿ ಅಣುಗಳು ಪದರದ ಪೂರ್ತಿ ದಪ್ಪದ ಬದಲು ಜಾಲದ ಸಣ್ಣ ಕಣ್ಣಿನೊಳಗೆ ಮರಳಬೇಕಾಗುವುದರಿಂದ ಕಾಲ ಬಹಳವಾಗಿ ಇಳಿಯುತ್ತದೆ. ಗೋಚರ ಬೆಳಕಿನಲ್ಲಿ ಈ ಜಾಲವು ಬೆಳಕನ್ನು ಚದುರಿಸಿ ಮಬ್ಬುಂಟುಮಾಡಬಹುದು. ಅವಕೆಂಪಿನ ತರಂಗಾಂತರ ಜಾಲದ ಕಣ್ಣಿಗಿಂತ ದೊಡ್ಡದಾಗಿದ್ದಲ್ಲಿ ಈ ದೋಷ ಕಡಿಮೆಯಾಗುತ್ತದೆ. ಆದರೆ ಬೇಕಾಗುವ ವೋಲ್ಟೇಜ್ ನೂರು ವೋಲ್ಟ್‌ಗಳನ್ನು ಮೀರಬಹುದು.

ಎರಡು ಆವರ್ತನಗಳಿಗೆ ವಿರುದ್ಧವಾಗಿ ಸ್ಪಂದಿಸುವ ವಸ್ತುಗಳಲ್ಲಿ, ತೆರೆಯುವ ಮತ್ತು ಮುಚ್ಚುವ ಎರಡೂ ಕ್ರಿಯೆಗಳನ್ನು ವೋಲ್ಟೇಜ್‌ನಿಂದಲೇ ನಡೆಸಬಹುದು. ಇವುಗಳ ನಡವಳಿಕೆ ಉಷ್ಣತೆಯೊಂದಿಗೆ ಬಹಳವಾಗಿ ಬದಲಾಗುವುದು ಇಲ್ಲಿನ ಸಮಸ್ಯೆ. 1980ರಲ್ಲಿ ಕ್ಲಾರ್ಕ್ ಮತ್ತು ಲಾಗರ್‌ವಾಲ್ ಅವರು ಪ್ರಕಟಿಸಿದ ಫೆರೋಎಲೆಕ್ಟ್ರಿಕ್ ದ್ರವಸ್ಫಟಿಕ ಕೋಶವು ಮೈಕ್ರೊಸೆಕೆಂಡುಗಳಲ್ಲಿ ಕೆಲಸ ಮಾಡುತ್ತದೆ. ಆದರೆ ಅದಕ್ಕೆ ಒಂದೆರಡು ಮೈಕ್ರಾನ್‌ಗಳ ತೆಳುವಾದ ಪದರವೇ ಬೇಕು. ಅವಕೆಂಪಿಗೆ ಬೇಕಾದ ದಪ್ಪದಲ್ಲಿ ಅಣುಗಳ ಜೋಡಣೆ ಕೆಡುತ್ತದೆ. 2017ರಲ್ಲಿ ಜಪಾನ್ ಮತ್ತು ಇಂಗ್ಲೆಂಡಿನ ತಂಡಗಳು ವರದಿ ಮಾಡಿದ ವಸ್ತುಗಳನ್ನು ಆಧರಿಸಿ, 2020ರಲ್ಲಿ ಅಮೆರಿಕೆಯ ಕೊಲರಾಡೊ ತಂಡವು ದೃಢಪಡಿಸಿದ ಫೆರೋಎಲೆಕ್ಟ್ರಿಕ್ ನೆಮ್ಯಾಟಿಕ್ ಎಂಬ ಹೊಸ ಸ್ಥಿತಿಯು ಅತ್ಯಲ್ಪ ವಿದ್ಯುತ್ ಕ್ಷೇತ್ರಕ್ಕೂ ಸ್ಪಂದಿಸುವುದರಿಂದ, ಈ ಕ್ಷೇತ್ರದಲ್ಲಿ ಹೊಸ ಆಸಕ್ತಿ ಮೂಡಿದೆ.

8. ಮಾರುಕಟ್ಟೆ ಮತ್ತು ಪೂರೈಕೆಯ ಪ್ರಚಲಿತ ಸ್ಥಿತಿ

ದ್ರವಸ್ಫಟಿಕ ವಸ್ತುಗಳ ಉದ್ಯಮವು ಈವರೆಗೆ ದೂರದರ್ಶನ ಮತ್ತು ಗಣಕಯಂತ್ರ ಪರದೆಗಳ ಬೇಡಿಕೆಯ ಮೇಲೆ ನಿಂತಿದೆ. ಪರದೆಗೆ ಬೇಕಾದುದು 0.1 ಆಸುಪಾಸಿನ ದ್ವಿವಕ್ರೀಭವನ, ಕಡಿಮೆ ಸ್ನಿಗ್ಧತೆ ಮತ್ತು ಗೋಚರ ಬೆಳಕಿನಲ್ಲಿ ಸ್ವಚ್ಛತೆ. ಅವಕೆಂಪು ಷಟರ್‌ಗೆ ಬೇಕಾದುದು ಇದರ ಮೂರು ನಾಲ್ಕು ಪಟ್ಟು ದ್ವಿವಕ್ರೀಭವನ ಮತ್ತು ಅವಕೆಂಪಿನಲ್ಲಿ ಸ್ವಚ್ಛತೆ. ಪರದೆಯ ವಸ್ತು ಟನ್‌ಗಳ ಲೆಕ್ಕದಲ್ಲಿ ಮಾರಾಟವಾದರೆ, ಷಟರ್‌ನ ವಸ್ತುವಿಗೆ ಬೇಡಿಕೆ ಬರುವುದು ಗ್ರಾಂ ಮತ್ತು ಕಿಲೋಗ್ರಾಂಗಳಲ್ಲಿ. ಕಡಿಮೆ ಪ್ರಮಾಣದ ಸರಕಿಗೆ ದೊಡ್ಡ ಉತ್ಪಾದಕರು ಬಂಡವಾಳ ಹೂಡಲು ಹಿಂಜರಿಯುವುದು ವಾಣಿಜ್ಯದ ಸಹಜ ನಿಯಮ.

ಇತ್ತೀಚಿನ ವರ್ಷಗಳಲ್ಲಿ ಈ ಉದ್ಯಮವೇ ಸ್ಥಾನಾಂತರಗೊಳ್ಳುತ್ತಿದೆ. ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್ ಡಿಸ್‌ಪ್ಲೇ ಸಂಸ್ಥೆಯು 2022ರಲ್ಲಿ ದ್ರವಸ್ಫಟಿಕ ಪರದೆಗಳ ತಯಾರಿಕೆಯನ್ನು ನಿಲ್ಲಿಸಿತು. ಜಪಾನಿನ ಷಾರ್ಪ್ ಸಂಸ್ಥೆಯು 2024ರಲ್ಲಿ ತನ್ನ ಸಕಾಯ್ ಘಟಕದಲ್ಲಿ ದೂರದರ್ಶನ ಪರದೆಗಳ ತಯಾರಿಕೆಯನ್ನು ಕೊನೆಗೊಳಿಸಿತು. ಅದೇ ವರ್ಷ ಜಪಾನಿನ ಡಿಐಸಿ ಸಂಸ್ಥೆಯು ದ್ರವಸ್ಫಟಿಕ ವಸ್ತುಗಳ ವ್ಯವಹಾರದಿಂದ ಹೊರಬರುವ ನಿರ್ಧಾರವನ್ನು ಪ್ರಕಟಿಸಿತು. ಪರದೆಗಳ ತಯಾರಿಕೆ ಬಹುಪಾಲು ಚೀನಾದಲ್ಲಿ ಕೇಂದ್ರೀಕೃತವಾಗಿದೆ. ಅವಕೆಂಪು ಫಲಕಗಳಿಗೆ ಬೇಕಾದ ಜರ್ಮೇನಿಯಮ್ ಲೋಹದ ರಫ್ತನ್ನು ಚೀನಾ ದೇಶವು 2023ರ ಆಗಸ್ಟ್ 1ರಿಂದ ಪರವಾನಗಿಗೆ ಒಳಪಡಿಸಿತು. 2024ರ ಡಿಸೆಂಬರ್‌ನಲ್ಲಿ ಅಮೆರಿಕೆಗೆ ರಫ್ತನ್ನು ನಿಷೇಧಿಸಿ, 2025ರ ನವೆಂಬರ್‌ನಲ್ಲಿ ಆ ನಿಷೇಧವನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿರಿಸಿತು.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ವಸ್ತು ತಯಾರಕರ ಸಂಖ್ಯೆ ಕಡಿಮೆಯಾದಷ್ಟೂ ವಿಶೇಷ ವಸ್ತುಗಳನ್ನು ಸಣ್ಣ ಪ್ರಮಾಣದಲ್ಲಿ ಕೊಳ್ಳುವವರಿಗೆ ತೊಂದರೆ ಹೆಚ್ಚು. ಹಾಗೆಯೇ, ಟನ್‌ಗಟ್ಟಲೆ ವಸ್ತುವಿನ ಪೈಪೋಟಿಗೆ ಇಳಿಯದೆ, ಕಿಲೋಗ್ರಾಂ ಮಟ್ಟದ ಶುದ್ಧ ವಸ್ತುವನ್ನು ತಯಾರಿಸುವ ಸಣ್ಣ ಘಟಕಕ್ಕೆ ಅವಕಾಶವಿದೆ.

ಭಾರತ ಸರ್ಕಾರವು 2021ರ ಡಿಸೆಂಬರ್‌ನಲ್ಲಿ 76,000 ಕೋಟಿ ರೂಪಾಯಿಗಳ ವೆಚ್ಚದಲ್ಲಿ ಸೆಮಿಕಂಡಕ್ಟರ್ ಮತ್ತು ಡಿಸ್‌ಪ್ಲೇ ತಯಾರಿಕೆಯ ಕಾರ್ಯಕ್ರಮಕ್ಕೆ ಅನುಮೋದನೆ ನೀಡಿತು. 2025ರ ಜುಲೈ 1ರಂದು ಕೇಂದ್ರ ಸಚಿವ ಸಂಪುಟವು 1 ಲಕ್ಷ ಕೋಟಿ ರೂಪಾಯಿಗಳ ಸಂಶೋಧನೆ, ಅಭಿವೃದ್ಧಿ ಮತ್ತು ನಾವೀನ್ಯ ಯೋಜನೆಗೆ ಒಪ್ಪಿಗೆ ನೀಡಿತು. ಈ ಎರಡನೆಯ ಯೋಜನೆಯು ಸಹಾಯಧನವಲ್ಲ. ಕಡಿಮೆ ಬಡ್ಡಿಯ ಅಥವಾ ಬಡ್ಡಿರಹಿತ ದೀರ್ಘಾವಧಿ ಹಣಕಾಸಿನ ಸ್ವರೂಪದ್ದು. ಅಲ್ಲದೆ ತಂತ್ರಜ್ಞಾನ ಸಿದ್ಧತೆಯ ನಾಲ್ಕನೇ ಹಂತ ಮತ್ತು ಅದಕ್ಕೂ ಮೇಲಿನ ಯೋಜನೆಗಳನ್ನು ಉದ್ದೇಶಿಸಿದೆ. ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲಿ ಒಂದೆರಡು ಗ್ರಾಂ ವಸ್ತು ತಯಾರಾಗಿರುವುದು ನಾಲ್ಕನೇ ಹಂತವಲ್ಲ. ಆ ವಸ್ತುವನ್ನು ಶುದ್ಧೀಕರಿಸಿ, ಕೋಶದಲ್ಲಿ ತುಂಬಿ, ಅವಕೆಂಪಿನಲ್ಲಿ ಅಳೆದು, ಬಾಳಿಕೆಯನ್ನು ಪರೀಕ್ಷಿಸಿದ ದಾಖಲೆ ಇದ್ದಾಗ ಮಾತ್ರ ಮುಂದಿನ ಬಾಗಿಲು ತೆರೆಯುತ್ತದೆ. ದೇಶದ ದ್ರವಸ್ಫಟಿಕ ಸಂಶೋಧನೆಯು ಬಹಳಷ್ಟು ಬಾರಿ ಪ್ರಬಂಧ ಪ್ರಕಟಣೆಯೊಂದಿಗೆ ನಿಂತುಹೋಗುವುದು ಈ ನಡುವಣ ಹಂತದಲ್ಲಿಯೇ.

9. ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಈ ವಿಷಯದಲ್ಲಿ ನೆರವು, ಪರೀಕ್ಷಾ ಸೌಲಭ್ಯ ಅಥವಾ ಪೇಟೆಂಟ್ ಕೋರುವವರು ತಮ್ಮ ಪ್ರಸ್ತಾವನೆಯಲ್ಲಿ ಈ ಕೆಳಕಂಡ ವಿವರಗಳನ್ನು ಸ್ಪಷ್ಟವಾಗಿ ನಮೂದಿಸುವುದು ಅವರ ಹಿತದೃಷ್ಟಿಯಿಂದಲೇ ಸೂಕ್ತ.

1) ತರಂಗಾಂತರ: ‘ಅವಕೆಂಪು’ ಎಂದಷ್ಟೇ ಬರೆದರೆ ಸಾಲದು. 1.55, 4 ಮತ್ತು 10.6 ಮೈಕ್ರಾನ್‌ಗಳ ಸಮಸ್ಯೆಗಳು ಬೇರೆ ಬೇರೆಯಾದುದರಿಂದ ಉದ್ದೇಶಿತ ತರಂಗಾಂತರವನ್ನು ಅಂಕಿಯಲ್ಲಿ ತಿಳಿಸಬೇಕು.

2) ಎರಡೂ ದಿಕ್ಕಿನ ಕಾಲ: ತೆರೆಯುವ ಕಾಲ ಮತ್ತು ಮುಚ್ಚುವ ಕಾಲ ಎರಡನ್ನೂ, ಅಳತೆ ಮಾಡಿದ ಉಷ್ಣತೆ ಹಾಗೂ ವೋಲ್ಟೇಜ್ ಸಹಿತ ನೀಡಬೇಕು. ವೋಲ್ಟೇಜ್ ಬಲದಿಂದ ದೊರೆತ ವೇಗದ ಕಾಲವನ್ನು ಮಾತ್ರ ತೋರಿಸಿ ಮರಳುವ ಕಾಲವನ್ನು ಬಿಟ್ಟಲ್ಲಿ ಪರಿಶೀಲನೆಯಲ್ಲಿ ಪ್ರಸ್ತಾವನೆ ನಿಲ್ಲುವುದಿಲ್ಲ.

3) ದ್ವಿವಕ್ರೀಭವನವನ್ನು ಅಳೆದ ಬೆಳಕು: ದ್ವಿವಕ್ರೀಭವನವು ಗೋಚರ ಬೆಳಕಿನಲ್ಲಿ ಹೆಚ್ಚಾಗಿಯೂ ಅವಕೆಂಪಿನಲ್ಲಿ ಕಡಿಮೆಯಾಗಿಯೂ ಇರುತ್ತದೆ. ಗೋಚರ ಬೆಳಕಿನ ಅಂಕಿಯನ್ನು ಅವಕೆಂಪಿಗೆ ಅನ್ವಯಿಸಿ ಲೆಕ್ಕ ಹಾಕಿದಲ್ಲಿ ಪದರದ ದಪ್ಪವೂ ಕಾಲವೂ ತಪ್ಪಾಗುತ್ತವೆ.

4) ಬೆಳಕಿನ ನಷ್ಟ: ತೆರೆದಾಗ ಶೇಕಡಾ ಎಷ್ಟು ಬೆಳಕು ಹಾಯುತ್ತದೆ, ಮುಚ್ಚಿದಾಗ ಎಷ್ಟು ಸೋರುತ್ತದೆ ಎಂಬುದನ್ನು ತಿಳಿಸಬೇಕು. ಪೋಲರೈಸರ್ ಬಳಸುವ ಷಟರ್‌ಗಳಲ್ಲಿ ಸಾಮಾನ್ಯ ಬೆಳಕಿನ ಅರ್ಧಭಾಗ ಮೊದಲೇ ನಷ್ಟವಾಗುತ್ತದೆ ಎಂಬುದನ್ನು ಮರೆಯಬಾರದು.

5) ಬಾಳಿಕೆ ಮತ್ತು ಉಷ್ಣತೆ: ಬೇಸಿಗೆಯ ಕಲಬುರಗಿ, ರಾಯಚೂರುಗಳಲ್ಲಿ ಹೊರಾಂಗಣದಲ್ಲಿಡುವ ಉಪಕರಣವು 40 ಡಿಗ್ರಿ ಮೀರಿದ ಉಷ್ಣತೆಯನ್ನು ತಾಳಬೇಕು. ಉಷ್ಣತೆ ಏರಿದಂತೆ ಸ್ನಿಗ್ಧತೆ ಇಳಿದು ವೇಗ ಹೆಚ್ಚಾದರೂ ದ್ವಿವಕ್ರೀಭವನವೂ ಇಳಿಯುವುದರಿಂದ ಎರಡನ್ನೂ ಅಳೆದು ತೋರಿಸಬೇಕು.

6) ತ್ಯಾಜ್ಯ ನಿರ್ವಹಣೆ: ಪರದೆಗಳಲ್ಲಿ ಬಳಸುವ ದ್ರವಸ್ಫಟಿಕ ವಸ್ತುಗಳು ಮನೆಯ ಧೂಳಿನಲ್ಲಿಯೂ ಪತ್ತೆಯಾಗಿರುವುದನ್ನು 2019ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿದೆ. ಹೊಸ ವಸ್ತು ತಯಾರಿಸುವವರು ಅದರ ವಿಲೇವಾರಿ ವಿಧಾನವನ್ನೂ ಆರಂಭದಲ್ಲಿಯೇ ಯೋಚಿಸತಕ್ಕದ್ದು.

ಪೇಟೆಂಟ್ ಕುರಿತು: ಕರ್ನಾಟಕದ ಅರ್ಜಿದಾರರಿಗೆ ಚೆನ್ನೈನ ಪೇಟೆಂಟ್ ಕಚೇರಿಯು ಸಂಬಂಧಿಸಿದ ಕಚೇರಿಯಾಗಿರುತ್ತದೆ. ಪೇಟೆಂಟ್‌ನ ಅವಧಿ ಅರ್ಜಿ ಸಲ್ಲಿಸಿದ ದಿನಾಂಕದಿಂದ 20 ವರ್ಷಗಳು. ಪ್ರಬಂಧ ಅಥವಾ ವಿದ್ಯಾರ್ಥಿ ಯೋಜನಾ ವರದಿಯನ್ನು ಮೊದಲು ಪ್ರಕಟಿಸಿ ನಂತರ ಅರ್ಜಿ ಸಲ್ಲಿಸಿದಲ್ಲಿ, ಕಾಯ್ದೆಯಲ್ಲಿ ಹೇಳಿರುವ ಕೆಲವೇ ಸಂದರ್ಭಗಳ ಹೊರತು, ನಾವೀನ್ಯದ ಹಕ್ಕು ಕಳೆದುಹೋಗುತ್ತದೆ. ಸಮಯ ಸಾಲದಿದ್ದಲ್ಲಿ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಸಲ್ಲಿಸಿ, 12 ತಿಂಗಳೊಳಗೆ ಪೂರ್ಣ ವಿವರಣೆ ಒದಗಿಸಲು ಅವಕಾಶವಿದೆ. 2024ರ ತಿದ್ದುಪಡಿ ನಿಯಮಗಳ ಪ್ರಕಾರ ಪರೀಕ್ಷಣೆಯ ಕೋರಿಕೆಯನ್ನು 31 ತಿಂಗಳೊಳಗೆ ಸಲ್ಲಿಸಬೇಕು. ಈ ಹಿಂದೆ ಇದ್ದ 48 ತಿಂಗಳ ಅವಧಿ ಹೊಸ ಅರ್ಜಿಗಳಿಗೆ ಅನ್ವಯಿಸುವುದಿಲ್ಲ. ವ್ಯಕ್ತಿಗಳು, ನವೋದ್ಯಮಗಳು, ಸಣ್ಣ ಘಟಕಗಳು ಹಾಗೂ ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ ರಿಯಾಯಿತಿ ಇದೆ.

ದ್ರವಸ್ಫಟಿಕ ಮಿಶ್ರಣಗಳಿಗೆ ಸಂಬಂಧಿಸಿದಂತೆ ಪೇಟೆಂಟ್ ಕಾಯ್ದೆ, 1970ರ ಪ್ರಕರಣ 3ರ ಖಂಡ (ಇ) ವಿಶೇಷ ಗಮನಕ್ಕೆ ಅರ್ಹ. ಘಟಕಗಳ ಗುಣಗಳ ಬರಿಯ ಒಟ್ಟುಗೂಡುವಿಕೆಯಷ್ಟೇ ಆಗಿರುವ ಮಿಶ್ರಣಕ್ಕೆ ಪೇಟೆಂಟ್ ದೊರೆಯುವುದಿಲ್ಲ. ನಾಲ್ಕು ವಸ್ತುಗಳನ್ನು ಬೆರೆಸಿದಾಗ ಪ್ರತ್ಯೇಕವಾಗಿ ಇಲ್ಲದ ಪ್ರಯೋಜನವೊಂದು, ಉದಾಹರಣೆಗೆ ನಿರೀಕ್ಷೆಗಿಂತ ಕಡಿಮೆ ಸ್ನಿಗ್ಧತೆ, ಉಂಟಾಗಿದೆ ಎಂಬುದನ್ನು ಅಳತೆಯ ಅಂಕಿಗಳಿಂದ ತೋರಿಸಬೇಕು. ಭಾರತದ ನಿವಾಸಿಗಳು ಪೂರ್ವಾನುಮತಿಯಿಲ್ಲದೆ ವಿದೇಶದಲ್ಲಿ ಮೊದಲು ಅರ್ಜಿ ಸಲ್ಲಿಸುವುದನ್ನು ಪ್ರಕರಣ 39 ನಿರ್ಬಂಧಿಸುತ್ತದೆ. ಅಲ್ಲದೆ, ಅವಕೆಂಪು ಉಪಕರಣಗಳಲ್ಲಿ ಕೆಲವು ನಾಗರಿಕ ಮತ್ತು ಸೇನಾ ಉಪಯೋಗ ಎರಡನ್ನೂ ಹೊಂದಿದ್ದು, ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಸ್ಕೋಮೆಟ್ ಪಟ್ಟಿಗೆ ಒಳಪಡುವುದರಿಂದ, ಮಾದರಿಯನ್ನು ವಿದೇಶಕ್ಕೆ ಕಳುಹಿಸುವ ಮೊದಲು ಪಟ್ಟಿಯನ್ನು ಪರಿಶೀಲಿಸತಕ್ಕದ್ದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಪೇಟೆಂಟ್ ಮಾಹಿತಿ ಕೇಂದ್ರವನ್ನೂ ವಿದ್ಯಾರ್ಥಿ ಯೋಜನಾ ಕಾರ್ಯಕ್ರಮವನ್ನೂ ನಡೆಸಿಕೊಂಡು ಬಂದಿದೆ. ಯಾವುದೇ ಯೋಜನೆಯ ಅರ್ಹತೆ, ಮೊತ್ತ ಮತ್ತು ಕೊನೆಯ ದಿನಾಂಕಗಳನ್ನು ಆಯಾ ವರ್ಷದ ಅಧಿಸೂಚನೆಯಿಂದಲೇ ಖಚಿತಪಡಿಸಿಕೊಳ್ಳತಕ್ಕದ್ದು.

10. ಬಳಕೆದಾರರಿಗೆ ಒಂದು ಸೂಚನೆ

ತಾನಾಗಿಯೇ ಕಪ್ಪಾಗುವ ವೆಲ್ಡಿಂಗ್ ಹೆಲ್ಮೆಟ್‌ಗಳು ದ್ರವಸ್ಫಟಿಕ ಷಟರ್‌ನ ಬಳಕೆಗೆ ಉತ್ತಮ ನಿದರ್ಶನ. ಕಿಡಿ ಹೊತ್ತಿದ ಕೂಡಲೇ ವೋಲ್ಟೇಜ್ ಬಲದಿಂದ ಕಿಟಕಿಯು ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ ಅವಧಿಯಲ್ಲಿ ಕಪ್ಪಾಗುತ್ತದೆ. ತಿಳಿಯಾಗಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಆದರೆ ಇಲ್ಲಿ ಷಟರ್ ತಡೆಯುವುದು ಕಣ್ಣು ಕೋರೈಸುವ ಗೋಚರ ಬೆಳಕನ್ನು ಮಾತ್ರ. ಕಣ್ಣಿಗೆ ಹಾನಿಕರವಾದ ನೇರಳಾತೀತ ಮತ್ತು ಅವಕೆಂಪು ಕಿರಣಗಳನ್ನು ತಡೆಯುವುದು ಅದರ ಮುಂದಿರುವ ಶಾಶ್ವತ ಲೇಪದ ಫಿಲ್ಟರ್. ಫಿಲ್ಟರ್ ಒಡೆದಿದ್ದರೂ ಕಿಟಕಿ ಎಂದಿನಂತೆ ಕಪ್ಪಾಗುತ್ತಿರಬಹುದು. ಆಗ ಕೆಲಸಗಾರನಿಗೆ ರಕ್ಷಣೆ ಇದೆಯೆಂಬ ಭ್ರಮೆ ಮಾತ್ರ ಉಳಿಯುತ್ತದೆ. ಆದುದರಿಂದ ಕೈಗಾರಿಕಾ ತರಬೇತಿ ಸಂಸ್ಥೆಗಳ ಪ್ರಶಿಕ್ಷಣಾರ್ಥಿಗಳು ಮತ್ತು ವೆಲ್ಡಿಂಗ್ ಕೆಲಸಗಾರರು ಒಡೆದ ಅಥವಾ ಗುಣಮಟ್ಟದ ಗುರುತಿಲ್ಲದ ಹೆಲ್ಮೆಟ್‌ಗಳನ್ನು ಬಳಸಬಾರದಾಗಿ ಕೋರಲಾಗಿದೆ.

11. ಉಪಸಂಹಾರ

ಅವಕೆಂಪು ಷಟರ್‌ನ ವೇಗವು ವಿದ್ಯುತ್ ಮಂಡಲದಲ್ಲಿಲ್ಲ, ವಸ್ತುವಿನಲ್ಲಿದೆ. ಆ ವಸ್ತುವು ದೂರದರ್ಶನ ಉದ್ಯಮದ ಉಪ ಉತ್ಪನ್ನವಾಗಿ ತಾನಾಗಿಯೇ ದೊರೆಯುವಂತಹುದಲ್ಲ. ಬಿಲ್ಲೆಯಾಕಾರದ ದ್ರವಸ್ಫಟಿಕವನ್ನು 1977ರಲ್ಲಿ ಜಗತ್ತಿಗೆ ತೋರಿಸಿದ ಬೆಂಗಳೂರಿನಲ್ಲಿ ಅಣುವನ್ನು ರೂಪಿಸುವ ಜ್ಞಾನವಿದೆ. ಅದರ ವಾಣಿಜ್ಯ ಪ್ರಯೋಜನ ಮಾತ್ರ ಹೆಚ್ಚಾಗಿ ಅನ್ಯರದಾಯಿತು. ಶುದ್ಧೀಕರಣ, ಅವಕೆಂಪಿನಲ್ಲಿ ಅಳತೆ ಮತ್ತು ಬಾಳಿಕೆಯ ಪರೀಕ್ಷೆ ಎಂಬ ಮೂರು ಮೆಟ್ಟಿಲುಗಳನ್ನು ಸ್ಥಳೀಯವಾಗಿ ಏರಲು ಸಾಧ್ಯವಾದಲ್ಲಿ, ಈ ಬಾರಿ ಅದೇ ಫಲಿತಾಂಶ ಮರುಕಳಿಸಬೇಕಾಗಿಲ್ಲ. ಸರಿಯಾದ ಅಂಕಿಗಳೊಂದಿಗೆ, ಸರಿಯಾದ ಕ್ರಮದಲ್ಲಿ ಸಲ್ಲಿಕೆಯಾಗುವ ಪ್ರತಿಯೊಂದು ಅರ್ಜಿಯೂ ಈ ಕಾರ್ಯದ ಒಂದು ಭಾಗವೇ ಆಗಿರುತ್ತದೆ ಎಂಬುದನ್ನು ಸಂಬಂಧಪಟ್ಟವರೆಲ್ಲರ ಗಮನಕ್ಕೆ ತರಲಾಗಿದೆ.